ಎಲೆ ಹಾಕುವ ಯಂತ್ರ

ನವೆಂಬರ್ 12, ಬುಧವಾರ. ಬೆಳಗ್ಗೆ 9.20ಕ್ಕೆ ವಿಜಯೇಂದ್ರ ಎಂಬ ಮೂವತ್ತನಾಲ್ಕರ ಯುವಕ ಶಿವಮೊಗ್ಗ ನಗರದ ಠಾಣೆಯೊಂದಕ್ಕೆ ಬಂದು ದೂರು ಕೊಟ್ಟ. ದುರ್ಗಿಗುಡಿಯ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ಅವನ ಆಫೀಸು. ಅಲ್ಲಿಂದ ಒಂದು ಕಂಪ್ಯೂಟರಿನ ಸಿಪಿಯು ಡಬ್ಬಿ ಕಳುವಾಗಿತ್ತು. ದೂರು ಬರೆದುಕೊಂಡವನು ಹೆಡ್ ಕಾನ್‌ಸ್ಟೆಬಲ್ ಓಬಯ್ಯ. ಇಪ್ಪತ್ತೇಳು ವರ್ಷದ ಸರ್ವೀಸಿನಲ್ಲಿ ಕಳ್ಳತನದ ದೂರು ಬರೆದೂ ಬರೆದೂ ಅವನ ಕೈ ತಾನಾಗಿಯೇ ಓಡುತ್ತಿತ್ತು, ತಲೆ ಮಾತ್ರ ಆಗಲೇ ತಿಂಡಿಯ ಕಡೆ ತಿರುಗಿತ್ತು.

"ಡಬ್ಬಿ ಒಂದೇನಾ ಹೋಗಿದ್ದು?"

"ಒಂದೇ ಸಾರ್. ಪಕ್ಕದಲ್ಲೇ ಮೂರು ಲ್ಯಾಪ್‌ಟಾಪ್ ಇದ್ವು, ಮುಟ್ಟಿಲ್ಲ."

"ಲ್ಯಾಪ್‌ಟಾಪ್ ಬಿಟ್ಟು ಡಬ್ಬಿ ಹೊತ್ತುಕೊಂಡು ಹೋದ್ನಾ? ಎಂಥಾ ಕಳ್ಳ ಮಾರಾಯ ಅವನು!"

"ಅದ್ರಲ್ಲಿ ನಮ್ಮ ಜಿಎಸ್‌ಟಿ ಲೆಕ್ಕ, ಸಂಬಳದ ಲೆಕ್ಕ ಎಲ್ಲಾ ಇದೆ ಸಾರ್. ಕಸ ಗುಡಿಸೋಳದ್ದೇ ಕೆಲಸ. ಬಾಗಿಲು ತೆಗ್ಯೋದು ಅವಳೇ. ಎರಡು ಏಟು ಹಾಕಿ ಕೇಳಿದ್ರೆ ಬಾಯಿ ಬಿಡ್ತಾಳೆ."

ಯಾರಿಗೆ ಏಟು ಹಾಕಬೇಕೆಂದು ಪೊಲೀಸರಿಗಿಂತ ದೂರುದಾರರಿಗೇ ಚೆನ್ನಾಗಿ ಗೊತ್ತಿರುತ್ತದೆ. ಓಬಯ್ಯ ಅದನ್ನು ಬರೆದುಕೊಳ್ಳಲಿಲ್ಲ.

10.05ಕ್ಕೆ ಇನ್ಸ್‌ಪೆಕ್ಟರ್ ರಂಜಿನಿ ಎಫ್‌ಐಆರ್ ದಾಖಲಿಸಿದರು. ಭಾರತೀಯ ನ್ಯಾಯ ಸಂಹಿತೆ ಕಲಂ 305, ಕಟ್ಟಡದೊಳಗಿನ ಕಳವು. 10.40ಕ್ಕೆ ಇಬ್ಬರು ಪಂಚರನ್ನು ಕರೆದುಕೊಂಡು ಸ್ಥಳಕ್ಕೆ ಹೋದರು. ಬೀಗ ಮುರಿದಿರಲಿಲ್ಲ. ಕಸ ಗುಡಿಸುವ ಹೆಂಗಸು ಗೋಡೆಗೆ ಆನಿಕೊಂಡು ನಡುಗುತ್ತಿದ್ದಳು.

"ಬಾಗಿಲು ತೆಗೆದದ್ದು ಎಷ್ಟೊತ್ತಿಗಮ್ಮ?"

"ಆರು ಗಂಟೆಗೆ."

"ಆಮೇಲೆ?"

"ಬಕೆಟ್ ತಗೊಂಡು ನೀರಿಗೆ ಕೆಳಗೆ ಹೋದೆ ಮೇಡಂ. ಮೇಲೆ ನಲ್ಲಿ ಕೆಟ್ಟು ಹದಿನೈದು ದಿನ ಆಯ್ತು. ಬರೋಕೆ ಒಂದಿಪ್ಪತ್ತು ನಿಮಿಷ ಆಯ್ತು. ನಾನು ಮುಟ್ಟಿಲ್ಲ ಮೇಡಂ, ನನ್ನ ಮಕ್ಕಳಾಣೆ."

ಕಿಟಕಿ ಪಕ್ಕದ ಮೇಜಿನ ಮೇಲೆ ವೈರುಗಳನ್ನು ನೀಟಾಗಿ ಸುತ್ತಿ ಇಟ್ಟಿತ್ತು. ಅವುಗಳ ಕೆಳಗೆ ಗೆರೆ ಎಳೆದ ಒಂದು ಹಾಳೆ. ಓಬಯ್ಯ ಅದನ್ನು ಪಂಚರ ಮುಂದೆ ಓದಿದ:

"ವಾಪಸು ಕೊಡತಕ್ಕದ್ದು. ವಸ್ತು: ಎಲೆ ಹಾಕುವ ಯಂತ್ರ, ಒಂದು. ಕಾರಣ: ಪರೀಕ್ಷೆಗೆ. ಹೊರಗೆ ಹೋದ ವೇಳೆ: 6.15, ಎ ಶಿಫ್ಟ್. ಟೋಕನ್ ನಂಬರ್ 4417."

ವಿಜಯೇಂದ್ರ ನಕ್ಕ. "ಯಾವನೋ ತಲೆಕೆಟ್ಟೋನು ಸಾರ್."

ಓಬಯ್ಯನಿಗೆ ನಗು ಬರಲಿಲ್ಲ. ಅವನು ಭದ್ರಾವತಿಯಲ್ಲಿ ಹುಟ್ಟಿದವನು, ಅಪ್ಪ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದವನು. "ಮೇಡಂ, ಇದು ಗೇಟ್ ಪಾಸ್. ಕಾರ್ಖಾನೆಯಿಂದ ಒಂದು ಸ್ಪ್ಯಾನರ್ ಹೊರಗೆ ಹೋಗಬೇಕಾದ್ರೂ ಹಿಂಗೇ ಬರೆದಿಟ್ಟು ಹೋಗಬೇಕಿತ್ತು. ವಾಪಸ್ ತರೋ ಸಾಮಾನಿಗೆ ಮೇಲ್ಗಡೆ ಹಿಂಗೆ ಬರೀತಿದ್ರು. ಟೋಕನ್ ನಂಬರ್ ಅಂದ್ರೆ ಕೆಲಸಗಾರನ ನಂಬರ್. ನಮ್ಮಪ್ಪ ಹೆಸರು ಹೇಳೋಕೂ ಮುಂಚೆ ನಂಬರ್ ಹೇಳ್ತಿದ್ದ."

"ಕಳ್ಳ ರಸೀದಿ ಕೊಟ್ಟು ಹೋಗಿದ್ದಾನೆ ಅನ್ನಿ," ಎಂದರು ರಂಜಿನಿ. ವಿಜಯೇಂದ್ರನ ಕಡೆ ತಿರುಗಿದರು. "ಎಲೆ ಹಾಕೋ ಯಂತ್ರ ಅಂದ್ರೇನ್ರೀ? ನಿಮ್ಮ ಕಂಪನಿ ಏನು ಮಾಡುತ್ತೆ?"

"ಒಂದು ಆ್ಯಪ್ ಮೇಡಂ. 'ಚುರುಕು' ಅಂತ. ವಯಸ್ಸಾದವರು ಫೋನಲ್ಲಿ ಕಂಪ್ಯೂಟರ್ ಜತೆ ರಮ್ಮಿ ಆಡ್ತಾರೆ. ಮೆದುಳಿಗೆ ವ್ಯಾಯಾಮ. ಪ್ರತಿ ಭಾನುವಾರ ನೂರಕ್ಕೆ ಇಷ್ಟು ಅಂತ ಬುದ್ಧಿ ಅಂಕ ಕೊಡ್ತೀವಿ. ದುಡ್ಡು ಕಟ್ಟಿ ಆಡೋ ಆಟ ಅಲ್ಲ ಮೇಡಂ, ಜೂಜಲ್ಲ. ಎಲ್ಲಾ ಕಾನೂನು ಪ್ರಕಾರ."

ಜೂಜೇ ಎಂದು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಎದುರಿನ ಔಷಧಿ ಅಂಗಡಿಯ ಕ್ಯಾಮೆರಾದಲ್ಲಿ 6.17ಕ್ಕೆ ಒಬ್ಬ ಮುದುಕ ಗೋಣಿಚೀಲ ಹೆಗಲಿಗೇರಿಸಿಕೊಂಡು ನಡೆದು ಹೋಗುತ್ತಿದ್ದ. ಓಡಲಿಲ್ಲ, ಹಿಂದೆ ಮುಂದೆ ನೋಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಭದ್ರಾವತಿ ಬಸ್ಸಿನ ಕಂಡಕ್ಟರನಿಗೆ ಅವನ ನೆನಪು ಚೆನ್ನಾಗಿತ್ತು. "ಲಗೇಜಿಗೂ ಟಿಕೆಟ್ ಹರೀರಿ ಅಂತ ಜಗಳಕ್ಕೇ ಬಂದ ಸಾರ್. ನನ್ನ ಸರ್ವೀಸಲ್ಲೇ ಅಂಥೋನನ್ನ ನೋಡಿಲ್ಲ. ಓಲ್ಡ್ ಟೌನಲ್ಲಿ ಇಳ್ಕೊಂಡ."

ಮಧ್ಯಾಹ್ನ 1.30ಕ್ಕೆ ಓಬಯ್ಯ ಓಲ್ಡ್ ಟೌನಿನ ನಿವೃತ್ತ ಕಾರ್ಮಿಕರ ಸಂಘದಲ್ಲಿ ಕೂತಿದ್ದ. ಕಾರ್ಯದರ್ಶಿ ಷಣ್ಮುಖಪ್ಪ ರಿಜಿಸ್ಟರ್ ತೆಗೆಯುವ ಗೋಜಿಗೂ ಹೋಗಲಿಲ್ಲ.

"ನಾಲ್ಕು ನಾಲ್ಕು ಒಂದು ಏಳಾ? ಕಾಟಾ ಧರ್ಮಪ್ಪ. ಲಾರಿ ತೂಗೋ ಕಾಟಾದಲ್ಲಿ ಮೂವತ್ತೊಂದು ವರ್ಷ ಕೂತಿದ್ದ. ಹತ್ತು ಕೆಜಿ ಹೆಚ್ಚುಕಮ್ಮಿ ಆದ್ರೂ ಲಾರಿ ಬಿಡ್ತಿರಲಿಲ್ಲ ಪುಣ್ಯಾತ್ಮ. ಯಾಕೆ, ಏನಾಯ್ತು?"

ಧರ್ಮಪ್ಪ ಎಂಬ ಹೆಸರು ಕಿವಿಗೆ ಬಿದ್ದದ್ದೇ ಓಬಯ್ಯ ಬರೆಯುವುದನ್ನು ನಿಲ್ಲಿಸಿದ. ಆ ಮನುಷ್ಯನನ್ನು ಅವನು ನೋಡಿದ್ದ. ಆಗಸ್ಟ್ 4, ಸೋಮವಾರ, ಇದೇ ಕೈಯಿಂದ ಅವನಿಗೊಂದು ಹಿಂಬರಹ ಬರೆದುಕೊಟ್ಟಿದ್ದ.

ಹಿಂಬರಹ ಅಂದರೆ ನಯವಾಗಿ ಬಾಗಿಲು ಹಾಕುವುದು. ಕೇಸು ಮಾಡದೆ ಅರ್ಜಿ ಮುಗಿಸಿದ್ದೇವೆಂದು ಠಾಣೆಯ ಮೊಹರು ಒತ್ತಿ ಕೊಡುವ ಚೀಟಿ. ಅವತ್ತು ಧರ್ಮಪ್ಪ ಹನ್ನೊಂದು ಪುಟದ ಅರ್ಜಿ ತಂದಿದ್ದ. ಫೋನಿನ ಆಟದಲ್ಲಿ ಕಂಪ್ಯೂಟರ್ ಎಲೆ ಸರಿಯಾಗಿ ಹಾಕುತ್ತಿಲ್ಲ, ತನಿಖೆ ಮಾಡಿ ಅಂತ. ಠಾಣೆಯಲ್ಲಿದ್ದವರೆಲ್ಲ ಬಿದ್ದುಬಿದ್ದು ನಕ್ಕಿದ್ದರು. ಓಬಯ್ಯನೂ ನಕ್ಕಿದ್ದ. "ಒಳ್ಳೆ ಎಲೆ ಬೀಳೋದು ಹಣೇಲಿ ಬರೆದಿರಬೇಕು ಯಜಮಾನ್ರೆ, ಎಫ್‌ಐಆರಲ್ಲಿ ಬರೆಯೋಕಾಗಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ್ದ. ಆಮೇಲೆ ಬರೆದಿದ್ದ: 'ಅರ್ಜಿದಾರರಿಗೆ ಯಾವುದೇ ಹಣದ ನಷ್ಟವಾಗಿರುವುದಿಲ್ಲ. ವಯೋವೃದ್ಧರಾದ್ದರಿಂದ ತಿಳಿವಳಿಕೆ ಹೇಳಿ ಕಳುಹಿಸಲಾಗಿದೆ.' ಹನ್ನೊಂದು ಪುಟದಲ್ಲಿ ಒಂದನ್ನೂ ಅವನು ಓದಿರಲಿಲ್ಲ.

ಜೀಪಿನಲ್ಲಿ ರಂಜಿನಿಯವರಿಗೆ ಇಷ್ಟನ್ನೂ ಹೇಳಿದ. ಅವರು ಬಯ್ಯಲಿಲ್ಲ. "ಆ ಹಿಂಬರಹಕ್ಕೆ ಸಹಿ ಹಾಕಿದ್ದು ನಾನೇ ಅಲ್ವಾ?" ಎಂದು ಮಾತ್ರ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಓಬಯ್ಯನಿಗೆ.

2.15ಕ್ಕೆ ಮನೆ ಸಿಕ್ಕಿತು. ಸಾಲುಮನೆಗಳಲ್ಲಿ ಕೊನೆಯದು. ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಪೇಪರ್ ಹಾಸಿ ಅದರ ಮೇಲೆ ಡಬ್ಬಿಯನ್ನು ಬಿಚ್ಚಿ ಹರಡಿಕೊಂಡು ಧರ್ಮಪ್ಪ ಕೂತಿದ್ದ. ಅರವತ್ತೇಳರ ಒಣಕಲು ಮೈ, ಮೂಗಿನ ತುದಿಯಲ್ಲಿ ಕನ್ನಡಕ. ಬಿಚ್ಚಿದ ಸ್ಕ್ರೂಗಳನ್ನು ಸಾಲಾಗಿಟ್ಟು ಒಂದೊಂದರ ಪಕ್ಕ ನಂಬರ್ ಬರೆದಿದ್ದ.

"ಬನ್ನಿ," ಎಂದ. "ಅರ್ಧ ಆಗಿದೆ. ಒಳಗೆ ಎಲೆ ಹಾಕೋದು ಯಾವುದು ಅಂತ ಸಿಗ್ತಿಲ್ಲ. ಬರೀ ಫ್ಯಾನು, ಧೂಳು."

"ಇದನ್ನ ತಂದದ್ದು ನೀವೇನಾ?"

"ಚೀಟಿ ಇಟ್ಟು ಬಂದಿದ್ನಲ್ಲ."

"ಇದೇ ಯಾಕೆ?"

"ಆಫೀಸಲ್ಲಿ ಗುಯ್ ಅನ್ನೋದು ಇದೊಂದೇ. ಕೆಲಸ ಮಾಡೋ ಯಂತ್ರ ಸದ್ದು ಮಾಡುತ್ತೆ. ಉಳಿದವು ಸುಮ್ನೆ ಮಲಗಿದ್ವು."

"ಯಜಮಾನ್ರೆ," ಎಂದ ಓಬಯ್ಯ, "ಎಲೆ ಹಾಕೋ ಕಂಪ್ಯೂಟರ್ ಇಲ್ಲಿಲ್ಲ. ಅದೆಲ್ಲೋ ದೂರದ ಊರಲ್ಲಿ ಬಾಡಿಗೆಗೆ ಇರುತ್ತಂತೆ. ಇದು ಬರೀ ಲೆಕ್ಕದ ಡಬ್ಬಿ."

ಧರ್ಮಪ್ಪ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಮುಖ ಸಣ್ಣದಾಯಿತು. "ಕಾಟಾ ಒಂದೂರಲ್ಲಿ, ಲಾರಿ ಒಂದೂರಲ್ಲಿ. ಹಂಗಾದ್ರೆ ತೂಕ ಸರಿ ಇದೆಯಾ ಅಂತ ನೋಡೋರು ಯಾರು ಸ್ವಾಮಿ?"

ರಂಜಿನಿ ಕುರ್ಚಿ ಎಳೆದುಕೊಂಡು ಕೂತರು. "ಒಂದು ಆಟಕ್ಕೋಸ್ಕರ ಇಷ್ಟೆಲ್ಲಾ ಯಾಕೆ ಧರ್ಮಪ್ಪ?"

ಅವನು ಒಳಗೆ ಹೋಗಿ ಎರಡು ಪುಸ್ತಕ ತಂದ. ಎರಡೂ ಉದ್ದನೆಯವು, ಕಾರ್ಖಾನೆಯ ಲಾಗ್ ಬುಕ್ಕಿನ ಥರ ಗೆರೆ ಹಾಕಿದವು. ಮೊದಲನೆಯದು ಅವನ ಹೆಂಡತಿ ಹುಲಿಗೆಮ್ಮನದು. ಸಕ್ಕರೆ ಕಾಯಿಲೆಯಿಂದ ಅವಳ ಕಣ್ಣು ಮಂಜಾಗಿ ಹನ್ನೊಂದು ವರ್ಷ. ಅಲ್ಲಿಂದೀಚೆಗೆ ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚುತ್ತಿದ್ದವನು ಇವನೇ. ಬೆಳಗ್ಗೆ ಹದಿನಾಲ್ಕು ಪಾಯಿಂಟ್, ರಾತ್ರಿ ಹತ್ತು ಪಾಯಿಂಟ್, ವೇಳೆ, ಎಡಗಡೆಯೋ ಬಲಗಡೆಯೋ. ಜುಲೈ 20ರ ಬೆಳಗಿನ ತನಕ ಒಂದು ಸಾಲೂ ಖಾಲಿ ಇರಲಿಲ್ಲ. ಆಮೇಲೆ ಪುಸ್ತಕವೆಲ್ಲ ಬರೀ ಗೆರೆ.

"ಏಪ್ರಿಲಲ್ಲಿ ಒಂದಿನ ಹಾಲು ಉಕ್ಕೋಕೆ ಬಿಟ್ಟು ಮರೆತೆ. ಯಾರು ಮರೆಯಲ್ಲ ಹೇಳಿ? ಮಗಳು ಮೈತ್ರಿ ಶಿವಮೊಗ್ಗದಲ್ಲಿ ವಿನೋಬನಗರದಲ್ಲಿದ್ದಾಳೆ. ಹೆದರಿಕೊಂಡಳು. ನನ್ನ ಫೋನಿಗೆ ಇದನ್ನ ಹಾಕಿಕೊಟ್ಟಳು, ಆಡಪ್ಪ, ಬುದ್ಧಿ ಚುರುಕಾಗುತ್ತೆ ಅಂತ. ಕ್ಲಬ್ಬಲ್ಲಿ ಮೂವತ್ತು ವರ್ಷ ರಮ್ಮಿ ಆಡಿದೋನು ನಾನು. ಮೊದಲ ತಿಂಗಳು ಎಪ್ಪತ್ತೊಂದು ಬಂತು. ಆಮೇಲೆ ಅರವತ್ತು. ಐವತ್ತೆರಡು. ನಲವತ್ತೊಂದು. ನಲವತ್ತೈದಕ್ಕಿಂತ ಇಳಿದ್ರೆ ಅದು ಮನೆಯವರ ಫೋನಿಗೆ ಕೆಂಪಕ್ಷರದಲ್ಲಿ ಕಳಿಸುತ್ತೆ, ಇವರ ಜ್ಞಾಪಕಶಕ್ತಿ ಕುಸೀತಿದೆ, ಎಚ್ಚರ ವಹಿಸಿ ಅಂತ. ಜುಲೈ ಇಪ್ಪತ್ತು, ಭಾನುವಾರ, ಮಗಳು ಆಟೋ ತಗೊಂಡು ಬಂದಳು. ಅಪ್ಪ, ಇನ್ನು ನಿನ್ನ ಕೈಗೆ ಸೂಜಿ ಕೊಡೋಕಾಗಲ್ಲ, ಹದಿನಾಲ್ಕರ ಬದಲು ನಲವತ್ತು ಏರಿಸಿಬಿಟ್ರೆ ಏನ್ಗತಿ ಅಂದಳು. ಹುಲಿಗೆಮ್ಮನ್ನ ಕರ್ಕೊಂಡು ಹೋದಳು."

"ನಿಮ್ಮ ಹೆಂಡ್ತಿ ಏನಂದ್ರು?"

"ಕಣ್ಣು ಕಾಣಲ್ಲ ಅವಳಿಗೆ. ಆಟೋ ಹತ್ತೋವಾಗ ನೀನೂ ಬಾ ಅಂದಳು. ಅಳಿಯನ ಮನೇಲಿ ಇರೋದು ಒಂದು ರೂಮು ಸ್ವಾಮಿ. ಎಲ್ಲಿ ಹೋಗ್ಲಿ?" ಮೊದಲನೆಯ ಪುಸ್ತಕ ಮುಚ್ಚಿಟ್ಟ. "ನನಗೆ ಅರಳು ಮರಳು ಅಲ್ಲ. ಎಲೆ ಸರಿ ಬೀಳ್ತಿಲ್ಲ ಅಷ್ಟೇ."

ಎರಡನೆಯ ಪುಸ್ತಕ ಆಟದ್ದು. ನಾನೂರ ಹನ್ನೆರಡು ಆಟ, ಒಂದೊಂದಕ್ಕೂ ಒಂದು ಸಾಲು. ಆಟ ಮುಗಿದ ಮೇಲೆ ಕಂಪ್ಯೂಟರಿನ ಎಲೆಯೂ ಪರದೆಯಲ್ಲಿ ಕಾಣುತ್ತದಲ್ಲ, ಅದನ್ನೂ ಬರೆದಿದ್ದ. ಮೊದಲ ತಿಂಗಳಿನ ತೊಂಬತ್ತಾರು ಆಟದಲ್ಲಿ ಇವನಿಗೆ ಜೋಕರ್ ಬಿದ್ದದ್ದು ನಲವತ್ತೊಂದು ಸಲ, ಕಂಪ್ಯೂಟರಿಗೆ ಮೂವತ್ತೊಂಬತ್ತು ಸಲ. ಆಮೇಲಿನ ಮುನ್ನೂರ ಹದಿನಾರರಲ್ಲಿ ಇವನಿಗೆ ಮೂವತ್ತೆಂಟು, ಕಂಪ್ಯೂಟರಿಗೆ ಇನ್ನೂರ ಮೂರು.

"ನಮ್ಮ ಕ್ಲಬ್ಬಲ್ಲಿ ಎಲೆ ಕಲಸೋನು ಒಬ್ಬ, ಕಟ್ ಮಾಡೋನು ಇನ್ನೊಬ್ಬ. ಅಣ್ಣತಮ್ಮಂದಿರಾದ್ರೂ ಕಟ್ ಮಾಡದೆ ಎಲೆ ಎತ್ತಲ್ಲ. ಇಲ್ಲಿ ಕಲಸೋದೂ ಅದೇ, ಹಾಕೋದೂ ಅದೇ, ಎದುರು ಕೂತು ಆಡೋದೂ ಅದೇ, ಕೊನೆಗೆ ನಿನಗೆ ಬುದ್ಧಿ ಇಲ್ಲ ಅಂತ ತೀರ್ಪು ಕೊಡೋದೂ ಅದೇ. ಇದನ್ನೇ ಅರ್ಜೀಲಿ ಬರೆದಿದ್ದೆ." ಓಬಯ್ಯನ ಮುಖ ನೋಡಿದ. "ನಿಮಗೇ ಕೊಟ್ಟಿದ್ದೆ."

3.10ಕ್ಕೆ ಜಪ್ತಿ ಪಂಚನಾಮೆ ಮುಗಿಯಿತು. ಸಿಪಿಯು ಒಂದು, ಸ್ಕ್ರೂ ಹದಿನಾರು, ಲಗೇಜ್ ಟಿಕೆಟ್ ಒಂದು, ಪುಸ್ತಕ ಒಂದು. ಆಟದ ಪುಸ್ತಕವನ್ನು ಓಬಯ್ಯ ತಾನಾಗಿಯೇ ಪಟ್ಟಿಗೆ ಸೇರಿಸಿದ. ರಂಜಿನಿ ಬೇಡ ಅನ್ನಲಿಲ್ಲ. ಧರ್ಮಪ್ಪನನ್ನು ಜೀಪಿನಲ್ಲೇ ಠಾಣೆಗೆ ಕರೆತಂದರು.

ಸಂಜೆ 5 ಗಂಟೆಗೆ ವಿಜಯೇಂದ್ರನ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುವ ಸ್ಫೂರ್ತಿ ಎಂಬ ಹುಡುಗಿಯ ಹೇಳಿಕೆ. ಪುಸ್ತಕ ತಿರುವುತ್ತ ತಿರುವುತ್ತ ಅವಳ ಕಣ್ಣಲ್ಲಿ ನೀರು ಬಂತು.

"ಈ ಲೆಕ್ಕ ಸರಿ ಇದೆಯಾ?"

"ಸರಿ ಇದೆ ಮೇಡಂ. ಮೊದಲ ತಿಂಗಳು ಎಲೆ ಸರಿಯಾಗೇ ಬೀಳುತ್ತೆ. ಆಮೇಲೆ ಸದಸ್ಯತ್ವಕ್ಕೆ ದುಡ್ಡು ಕಟ್ಟದೇ ಇದ್ರೆ ಕಂಪ್ಯೂಟರ್ ಒಳ್ಳೆ ಎಲೆ ತಾನಿಟ್ಕೊಳ್ಳುತ್ತೆ. ಅಂಕ ಇಳಿಯುತ್ತೆ. ಹೆದರಿ ದುಡ್ಡು ಕಟ್ಟಿದ್ರೆ ಮತ್ತೆ ಸರಿಯಾಗಿ ಹಾಕುತ್ತೆ, ಅಂಕ ಏರುತ್ತೆ."

"ಹಾಗೆ ಮಾಡಿ ಅಂದಿದ್ದು ಯಾರು?"

"ವಿಜಯೇಂದ್ರ ಸರ್. ಬರೆದಿದ್ದು ನಾನು."

ಓಬಯ್ಯನಿಗೆ ಮೈ ಉರಿಯಿತು. "ಮೇಡಂ, ಇದು ಮೋಸ ಅಲ್ವಾ? ಅವನ ಮೇಲೂ ಒಂದು ಜಡೀರಿ."

"ಯಾರು ದೂರು ಕೊಡ್ತಾರೆ ಓಬಯ್ಯ? ದುಡ್ಡು ಕಟ್ಟಿದವರಿಗೆ ಅಂಕ ಏರಿದೆ, ಅವರು ಖುಷಿಯಾಗಿದ್ದಾರೆ. ಇವರು ದುಡ್ಡು ಕಟ್ಟಿಲ್ಲ, ನಷ್ಟ ಏನು ಅಂತಾರೆ. ಮನರಂಜನೆಗೆ ಮಾತ್ರ ಅಂತ ಆ್ಯಪ್‌ನ ಷರತ್ತಲ್ಲಿ ಬೇರೆ ಬರೆದಿದ್ದಾರೆ. ಕಾನೂನು ಅಭಿಪ್ರಾಯಕ್ಕೆ ಕಳಿಸ್ತೀನಿ. ಉತ್ತರ ಬರೋಕೆ ಆರು ತಿಂಗಳು ಆಗುತ್ತೆ."

ಹೆಂಡತಿ ಮನೆ ಬಿಟ್ಟು ಹೋದದ್ದು ನಷ್ಟದ ಯಾವ ಕಲಂನಲ್ಲಿ ಬರುತ್ತದೆ ಎಂದು ಓಬಯ್ಯ ಕೇಳಲಿಲ್ಲ. ಅವನೇ ತಾನೇ ಬರೆದುಕೊಟ್ಟವನು, ಯಾವುದೇ ನಷ್ಟವಾಗಿರುವುದಿಲ್ಲ ಅಂತ.

ಸ್ಫೂರ್ತಿ ಹೇಳಿಕೆಗೆ ಸಹಿ ಹಾಕಿದ ಸುದ್ದಿ ಮುಟ್ಟಿತೋ ಏನೋ, 5.40ಕ್ಕೆ ವಿಜಯೇಂದ್ರ ಮೆತ್ತಗಾಗಿ ಬಂದ. ಬೆಳಗ್ಗೆ ಏಟು ಹಾಕಿ ಅಂದ ಬಾಯಲ್ಲಿ ಈಗ ಜೇನು ಸುರಿಯುತ್ತಿತ್ತು. "ಪಾಪ, ವಯಸ್ಸಾದವರು ಮೇಡಂ. ಕೇಸು ಬೇಡ. ಬುದ್ಧಿ ಸ್ಥಿಮಿತ ಇಲ್ಲದೆ ಹಂಗೆ ಮಾಡಿದ್ರು ಅಂತ ಮನೆಯವರು ಒಂದು ಸರ್ಟಿಫಿಕೇಟ್ ತಂದುಕೊಟ್ರೆ ನಾನು ರಾಜಿಗೆ ಒಪ್ತೀನಿ. ಆ ಪುಸ್ತಕಾನೂ ಅವರಿಗೇ ವಾಪಸ್ ಕೊಟ್ಬಿಡಿ, ಪಾಪ."

ಹುಚ್ಚನ ಪುಸ್ತಕಕ್ಕೆ ಬೆಲೆ ಇಲ್ಲ. ಅಷ್ಟು ಗೊತ್ತಿತ್ತು ಅವನಿಗೆ.

ಆರಕ್ಕೆ ಮಗಳು ಮೈತ್ರಿ ಓಡೋಡಿ ಬಂದಳು. ಬರುವ ಮೊದಲು ವಿಚಾರಿಸಿದ ವಕೀಲರೊಬ್ಬರು ಅವಳಿಗೂ ಸರ್ಟಿಫಿಕೇಟಿನ ದಾರಿಯನ್ನೇ ಹೇಳಿದ್ದರಂತೆ. ಖಾಸಗಿ ಡಾಕ್ಟರೊಬ್ಬರು ಆ್ಯಪ್‌ನ ಅಂಕಗಳನ್ನು ನೋಡಿಯೇ ಬರೆದುಕೊಡಲು ತಯಾರಿದ್ದರಂತೆ. "ಅಪ್ಪನ್ನ ಬಿಡಿಸ್ಕೊಡಿ ಮೇಡಂ. ಅವರಿಗೆ ಏನು ಮಾಡ್ತಿದ್ದೀನಿ ಅಂತ ಗೊತ್ತಾಗ್ತಿಲ್ಲ. ನಾಲ್ಕು ತಿಂಗಳಿಂದ ನಾನು ಹೇಳ್ತಾನೇ ಇದ್ದೀನಿ." ಕೆಟ್ಟವಳಲ್ಲ ಅವಳು, ಅತ್ತೂ ಅತ್ತೂ ಮುಖ ಬಾತಿತ್ತು. ಆ ಅಂಕವೇ ಸುಳ್ಳು ಎಂದು ಓಬಯ್ಯ ಹೇಳಿದರೆ, "ಹಾಲು ಮರೆತದ್ದೂ ಸುಳ್ಳಾ ಸಾರ್?" ಎಂದಳು.

ರಂಜಿನಿ ಧರ್ಮಪ್ಪನನ್ನು ಕರೆಸಿದರು. "ನೋಡಿ, ಏಳು ವರ್ಷದೊಳಗಿನ ಶಿಕ್ಷೆಯ ಕೇಸಿದು. ಅರೆಸ್ಟ್ ಮಾಡಲೇಬೇಕು ಅಂತಿಲ್ಲ. ಈ ನೋಟಿಸ್‌ಗೆ ಸಹಿ ಹಾಕಿ ಮನೆಗೆ ಹೋಗಿ. ಮಗಳು ಸರ್ಟಿಫಿಕೇಟ್ ತಂದ್ರೆ ಕೇಸೂ ಮುಗಿದುಹೋಗುತ್ತೆ."

"ಏನಂತ ಸರ್ಟಿಫಿಕೇಟು?"

ಮೈತ್ರಿ ನೆಲ ನೋಡಿದಳು.

ಧರ್ಮಪ್ಪ ನೋಟಿಸನ್ನು ಮೇಜಿನ ಮೇಲೆ ತಿರುಗಿಸಿ ಹಿಂದಕ್ಕೆ ತಳ್ಳಿದ. "ಮೇಡಂ, ಬರ್ಕೊಳ್ಳಿ. ನೀವು ಬಿಟ್ರೆ ನಾಳೆ ಬೆಳಗ್ಗೆ ಆರಕ್ಕೆ ಮತ್ತೆ ಅದೇ ಆಫೀಸಿಗೆ ಹೋಗ್ತೀನಿ. ಇದು ಆ ಯಂತ್ರ ಅಲ್ಲ ಅಂತ ಗೊತ್ತಾಯ್ತಲ್ಲ, ಇನ್ನೊಂದನ್ನ ತರ್ತೀನಿ. ಯೋಚ್ನೆ ಮಾಡಿಯೇ ಹೇಳ್ತಿದ್ದೀನಿ."

"ಅಪ್ಪಾ!"

"ನೀನು ಸುಮ್ನಿರು. ಮೇಡಂ, ಮತ್ತೆ ಕಳ್ಳತನ ಮಾಡ್ತೀನಿ ಅನ್ನೋನನ್ನ ನೀವು ಅರೆಸ್ಟ್ ಮಾಡಲೇಬೇಕಲ್ವಾ?"

ಮಾಡಲೇಬೇಕು. ರಂಜಿನಿ ನೋಟಿಸನ್ನು ಎತ್ತಿ ಪಕ್ಕಕ್ಕಿಟ್ಟರು. ಕಾನೂನಿನ ಸಂದು ಹುಡುಕಿ ಒಳಗೆ ನುಗ್ಗುವ ಆರೋಪಿಯನ್ನು ಅವರು ಇದುವರೆಗೂ ನೋಡಿರಲಿಲ್ಲ.

"ಜೈಲಿಗೆ ಹೋಗ್ತೀರಿ ಧರ್ಮಪ್ಪ."

"ಹೋಗ್ತೀನಿ. ಹುಚ್ಚ ಅನ್ನಿಸ್ಕೊಂಡು ಮನೇಲಿ ಕೂರೋದಕ್ಕಿಂತ ಕಳ್ಳ ಅನ್ನಿಸ್ಕೊಂಡು ಜೈಲಲ್ಲಿ ಇರೋದು ವಾಸಿ. ಕಳ್ಳನಿಗೆ ಬುದ್ಧಿ ಇದೆ ಅಂತಾನಾದ್ರೂ ಜನ ಒಪ್ತಾರೆ."

6.35ಕ್ಕೆ ದಸ್ತಗಿರಿ ಆಯಿತು.

ನ್ಯಾಯಾಧೀಶರ ಮುಂದೆ ಹಾಜರುಪಡಿಸುವ ಮೊದಲು ವೈದ್ಯಕೀಯ ತಪಾಸಣೆ ಆಗಬೇಕು. ಓಬಯ್ಯನೇ ಅವನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದ, ಹಿಂದೆಯೇ ಆಟೋದಲ್ಲಿ ಮೈತ್ರಿ ಬಂದಳು. ಡ್ಯೂಟಿ ಡಾಕ್ಟರ್ ಬಿಪಿ ನೋಡಿದ, ಗಾಯ ಇದೆಯೇ ಎಂದು ಕೇಳಿದ. ಇವತ್ತು ಯಾವ ವಾರ, ಇದು ಯಾವ ಜಾಗ, ಪಕ್ಕದಲ್ಲಿರುವವರು ಯಾರು ಎಂದು ಕೇಳಿದ. ಧರ್ಮಪ್ಪ ವಾರ ಹೇಳಿ, ತಾರೀಕು ಹೇಳಿ, ಗಂಟೆಯನ್ನೂ ಹೇಳಿದ. ಡಾಕ್ಟರ್ ತಲೆ ಎತ್ತದೆ ಫಾರಂ ತುಂಬಿದ: 'ಪೂರ್ಣ ಪ್ರಜ್ಞೆಯಲ್ಲಿದ್ದಾರೆ. ಸಮಯ, ಸ್ಥಳ, ವ್ಯಕ್ತಿಗಳ ಅರಿವು ಸರಿಯಾಗಿದೆ.' ಎಲ್ಲ ಆರೋಪಿಗಳಿಗೂ ಬರೆಯುವ ಸಾಲು ಅದು. ಎರಡು ನಿಮಿಷವೂ ಹಿಡಿಯಲಿಲ್ಲ.

ಧರ್ಮಪ್ಪ ಅದನ್ನು ಎರಡು ಸಲ ಓದಿದ. "ಸ್ವಾಮಿ, ಇದರದ್ದೊಂದು ಜೆರಾಕ್ಸ್ ಮಾಡಿಸಿ ನನ್ನ ಮಗಳಿಗೆ ಕೊಡ್ತೀರಾ?"

ಓಬಯ್ಯ ಎದುರಿನ ಅಂಗಡಿಗೆ ತಾನೇ ಹೋಗಿ ಮಾಡಿಸಿಕೊಂಡು ಬಂದ. ವರಾಂಡದಲ್ಲಿ ನಿಂತಿದ್ದ ಮೈತ್ರಿಯ ಕೈಗೆ ಕೊಟ್ಟ. ಅವಳು ದೀಪದ ಕೆಳಗೆ ಹೋಗಿ ಓದಿದಳು.

"ಸರ್ಕಾರಿ ಡಾಕ್ಟ್ರು ಬರೆದಿದ್ದಾರೆ ಮಗಾ," ಎಂದ ಧರ್ಮಪ್ಪ ದೂರದಿಂದಲೇ. ದನಿಯಲ್ಲಿ ಹಬ್ಬದ ಸಡಗರವಿತ್ತು. "ಎಲ್ಲಾ ಸರಿಯಾಗಿದೆ ಅಂತ. ನೋಡ್ದೆಯಾ? ಇನ್ನು ಅವ್ವನ್ನ ಕಳಿಸಬಹುದಲ್ಲ. ನಾನು ಜಾಮೀನಿನ ಮೇಲೆ ಬಂದ ಮೇಲೆ ಕಳಿಸು, ಅವಸರ ಇಲ್ಲ."

ಮೈತ್ರಿ ಹಾಳೆಯಿಂದ ತಲೆ ಎತ್ತಿದಳು. ಅವಳ ಮುಖದಲ್ಲಿ ಸಂಜೆಯಿಂದ ಇದ್ದ ಕನಿಕರ ಹೋಗಿತ್ತು.

"ಅಂದ್ರೆ ನಿನಗೆ ಎಲ್ಲಾ ಗೊತ್ತಿತ್ತಾ ಅಪ್ಪ? ಗೊತ್ತಿದ್ದೂ ಗೊತ್ತಿದ್ದೂ ಇನ್ನೊಬ್ಬರ ಆಫೀಸಿಗೆ ನುಗ್ಗಿ ಕದ್ದೆಯಾ? ಪೊಲೀಸ್ ಜೀಪ್ ಹತ್ತಿದೆಯಾ? ಕಾಯಿಲೆ ಅಂದ್ಕೊಂಡು ನಾನು ಊರಿಗೆಲ್ಲ ಮುಖ ಕೊಟ್ಟು ಮಾತಾಡ್ತಿದ್ದೆ. ಇನ್ನು ಏನಂತ ಹೇಳ್ಲಿ?" ಹಾಳೆಯನ್ನು ಮಡಚಿ ಓಬಯ್ಯನ ಕೈಗೇ ವಾಪಸು ಕೊಟ್ಟಳು. "ಇಂಥೋನ ಹತ್ರ ಅವ್ವನ್ನ ಹ್ಯಾಗೆ ಕಳಿಸ್ಲಿ ಸಾರ್, ನೀವೇ ಹೇಳಿ?"

ಜೀಪಿನ ತನಕ ಓಬಯ್ಯ ಧರ್ಮಪ್ಪನ ತೋಳು ಹಿಡಿದುಕೊಂಡು ನಡೆದ.

ಮರುದಿನ ನ್ಯಾಯಾಂಗ ಬಂಧನವಾಯಿತು. ಅನುಮಾನದ ಮೇಲೆ ವಿಜಯೇಂದ್ರ ಬುಧವಾರವೇ ಕೆಲಸ ಬಿಡಿಸಿದ್ದ ಕಸ ಗುಡಿಸುವ ಹೆಂಗಸಿಗೆ ಅದು ವಾಪಸು ಸಿಗಲಿಲ್ಲ. 'ಚುರುಕು' ಯಾರ ಹಂಗೂ ಇಲ್ಲದೆ ನಡೆಯುತ್ತಿತ್ತು. ಕೇಸ್ ಡೈರಿಯ ಕೊನೆಯಲ್ಲಿ ಓಬಯ್ಯ ಬರೆದ: 'ಆರೋಪಿಗೆ ಮಾಲನ್ನು ಮಾರುವ ಅಥವಾ ಇಟ್ಟುಕೊಳ್ಳುವ ಉದ್ದೇಶ ಇರಲಿಲ್ಲ. ತನ್ನ ಹೆಂಡತಿಯನ್ನು ಮನೆಗೆ ಕರೆತರುವ ಸಲುವಾಗಿ, ತಾನು ಬುದ್ಧಿ ಸರಿ ಇರುವ ಮನುಷ್ಯನೆಂದು ಯಾರಾದರೊಬ್ಬರು ಬರೆದುಕೊಡಲಿ ಎಂಬ ಕಾರಣದಿಂದ ಕೃತ್ಯ ಎಸಗಿರುತ್ತಾನೆ.'

ರಂಜಿನಿ ಓದಿದರು. "ಕೋರ್ಟಿಗೆ ಇದು ಬೇಕಾಗಲ್ಲ ಓಬಯ್ಯ."

"ಗೊತ್ತು ಮೇಡಂ."

ಅವರು ಅದನ್ನು ಹೊಡೆದುಹಾಕದೆ ಕೆಳಗೆ ಸಹಿ ಹಾಕಿದರು.